ನೇತ್ರಾಣಿಗೆ ಹೊರಟವರಿಗೆ: ನೈಟ್ರಾಕ್ಸ್ ಬೇಕಾ, ಮಾಮೂಲಿ ಗಾಳಿ ಸಾಕಾ?

ಕಾಫಿ ಕೊಯ್ಲು ಮುಗಿದು, ಕಣ ಖಾಲಿಯಾಗಿ, ಹೂಮಳೆಗೆ ಕಾಯುವ ಹೊತ್ತಿನಲ್ಲಿ ನಮ್ಮ ಕೊಡಗಿನವರಿಗೆ ನಾಲ್ಕು ದಿನ ಬಿಡುವು ಸಿಗುತ್ತದೆ. ಆ ನಾಲ್ಕು ದಿನದಲ್ಲಿ ಸಮುದ್ರಕ್ಕೆ ಇಳಿಯಬೇಕು ಅನ್ನುವ ಆಸೆ ಇಷ್ಟು ಜನಕ್ಕೆ ಇದೆ ಅಂತ ಈ ಸಲದ ಪತ್ರಗಳನ್ನು ನೋಡಿ ಗೊತ್ತಾಯಿತು. ತುಂಬಾ ಖುಷಿಯಾಯಿತು. ನಾನು ನಾಪೋಕ್ಲು ಕಡೆಯವಳು. ಸೀಸನ್ನಿನಲ್ಲಿ ಅಂಡಮಾನಿನಲ್ಲಿ ಡೈವಿಂಗ್ ಕಲಿಸುತ್ತೇನೆ, ಕಕ್ಕಡದ ಮಳೆ ಹೊತ್ತಿಗೆ ತೋಟದಲ್ಲಿರುತ್ತೇನೆ. ಹಾಗಾಗಿ ಸಮುದ್ರದ ಲೆಕ್ಕವೂ ಗೊತ್ತು, ಸಂಪಾಜೆ ಘಾಟಿಯ ಲೆಕ್ಕವೂ ಗೊತ್ತು. ಈ ಸಲ ಎರಡೂ ಬೇಕಾಗುತ್ತವೆ.

ಪ್ರಶ್ನೆ: ಹೋದ ವರ್ಷ ಓಪನ್ ವಾಟರ್ (ಸ್ಕೂಬಾ ಡೈವಿಂಗಿನ ಮೊದಲ ಹಂತದ) ಕೋರ್ಸ್ ಮುಗಿಸಿದೆ. ಮಾರ್ಚಿನಲ್ಲಿ ಗೆಳೆಯರ ಜೊತೆ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಹೋಗುತ್ತಿದ್ದೇನೆ. ಬೆಂಗಳೂರಿನ ಗೆಳೆಯನೊಬ್ಬ, "ನೈಟ್ರಾಕ್ಸ್ ಕೋರ್ಸ್ ಮಾಡ್ಕೊ. ಸಾರಜನಕ ಕಮ್ಮಿ ಇರುತ್ತೆ, ಟ್ಯಾಂಕ್ ಜಾಸ್ತಿ ಹೊತ್ತು ಬರುತ್ತೆ, ಇನ್ನೂ ಆಳಕ್ಕೆ ಹೋಗಬಹುದು" ಅನ್ನುತ್ತಾನೆ. ಖರ್ಚು ಮಾಡಲಾ?
— ಓದುಗರು, ಗೋಣಿಕೊಪ್ಪ

ಉತ್ತರ: ಈ ಟ್ರಿಪ್ಪಿಗೆ ಬೇಡ. ಮಾಮೂಲಿ ಗಾಳಿ ಸಾಕು.

ನಿಮ್ಮ ಗೆಳೆಯ ಹೇಳಿದ ಮೂರು ಮಾತಿನಲ್ಲಿ ಮೊದಲನೆಯದು ಸರಿ. ಎರಡನೆಯದು ತಪ್ಪು. ಮೂರನೆಯದು ತಪ್ಪು ಮಾತ್ರ ಅಲ್ಲ, ಪ್ರಾಣಕ್ಕೆ ಅಪಾಯ.

ನಾವು ಉಸಿರಾಡುವ ಗಾಳಿಯಲ್ಲಿ ಸುಮಾರು 21 ಭಾಗ ಆಮ್ಲಜನಕ, ಉಳಿದ 79 ಭಾಗ ಬಹುತೇಕ ಸಾರಜನಕ. ಸಾಮಾನ್ಯ ಸ್ಕೂಬಾ ಟ್ಯಾಂಕಿನಲ್ಲಿ ತುಂಬುವುದೂ ಇದೇ ಗಾಳಿ. ನೈಟ್ರಾಕ್ಸ್ ಅಂದರೆ ಅದೇ ಗಾಳಿಗೆ ಆಮ್ಲಜನಕ ಸೇರಿಸಿದ್ದು. ಹೆಚ್ಚಾಗಿ ಸಿಗುವುದು 32 ಶೇಕಡಾ, ಕೆಲವು ಕಡೆ 36. ಆಮ್ಲಜನಕ ಹೆಚ್ಚಿದಷ್ಟು ಸಾರಜನಕ ಕಡಿಮೆ. ನೀರಿನ ಒತ್ತಡದಲ್ಲಿ ಸಾರಜನಕ ಮೈಯೊಳಗೆ ಕರಗುತ್ತಾ ಹೋಗುತ್ತದೆ. ಒಂದು ಮಿತಿ ದಾಟಿ ಕರಗಿದ ಮೇಲೆ ನೇರವಾಗಿ ಮೇಲೆ ಬಂದರೆ ಅದು ಗುಳ್ಳೆಯಾಗಿ ಕೀಲು, ನರ, ಬೆನ್ನುಹುರಿಗೆ ತೊಂದರೆ ಕೊಡುತ್ತದೆ. ಸಾರಜನಕ ಕಮ್ಮಿ ಇದ್ದರೆ ಆ ಮಿತಿ ಮುಟ್ಟುವುದು ತಡ. ನೈಟ್ರಾಕ್ಸಿನ ಮುಖ್ಯ ಲಾಭ ಇಷ್ಟೇ. ಲಾಭ ನಿಜವಾದದ್ದು. 18 ಮೀಟರ್ ಆಳದಲ್ಲಿ ಆ ಮಿತಿ ಮುಟ್ಟುವವರೆಗೆ ಮಾಮೂಲಿ ಗಾಳಿಗೆ ಡೈವಿಂಗ್ ಕಲಿಸುವ ಪಾಡಿ ಸಂಸ್ಥೆಯ ಟೇಬಲ್ ಕೊಡುವುದು 56 ನಿಮಿಷ. 32ರ ನೈಟ್ರಾಕ್ಸಿಗೆ 95 ನಿಮಿಷ. ಕಾಗದದ ಮೇಲೆ ನೋಡಿದರೆ ಯಾರಿಗಾದರೂ ಆಸೆ ಆಗುತ್ತದೆ.

ಈಗ ನಿಮ್ಮ ಟ್ಯಾಂಕ್ ನೋಡೋಣ. ಸಾಮಾನ್ಯವಾಗಿ ಕೊಡುವ ಅಲ್ಯೂಮಿನಿಯಂ ಟ್ಯಾಂಕ್ ಸುಮಾರು 11 ಲೀಟರಿನದು, 200 ಬಾರ್ (ಬಾರ್ ಅಂದರೆ ಒತ್ತಡದ ಅಳತೆ) ತುಂಬಿರುತ್ತದೆ. ಮೇಲೆ ಬರುವಾಗ 50 ಬಾರ್ ಉಳಿಸಿಕೊಳ್ಳಬೇಕು. ಬಳಸಲು ಸಿಗುವುದು 150 ಬಾರ್, ಅಂದರೆ ಹತ್ತಿರ ಹತ್ತಿರ 1,650 ಲೀಟರ್ ಗಾಳಿ. ಹೊಸದಾಗಿ ಕಲಿತವರು ನಿಮಿಷಕ್ಕೆ 20 ಲೀಟರ್ ಉಸಿರಾಡುತ್ತಾರೆ ಅಂತಿಟ್ಟುಕೊಳ್ಳಿ. ಉದ್ವೇಗ ಇದ್ದರೆ ಇನ್ನೂ ಜಾಸ್ತಿ. 18 ಮೀಟರಿನಲ್ಲಿ ಒತ್ತಡ ಮೇಲಿನ 2.8 ಪಟ್ಟು. ಹಾಗಾಗಿ ನಿಮಿಷಕ್ಕೆ 56 ಲೀಟರ್ ಖಾಲಿ. ಅರ್ಧ ಗಂಟೆಗೆ ನಿಮ್ಮ ಗಾಳಿ ಮುಗಿಯಿತು.

ಗಾಳಿಯೇ 30 ನಿಮಿಷಕ್ಕೆ ಮುಗಿಯುವಾಗ ಸಾರಜನಕದ ಮಿತಿ 56 ಆದರೇನು, 95 ಆದರೇನು? ನೈಟ್ರಾಕ್ಸ್ ತುಂಬಿದ ಟ್ಯಾಂಕೂ ಅಷ್ಟೇ ಬೇಗ ಖಾಲಿಯಾಗುತ್ತದೆ. ಶ್ವಾಸಕೋಶ ಎಳೆದುಕೊಳ್ಳುವ ಲೀಟರ್ ಲೆಕ್ಕಕ್ಕೆ ಒಳಗಿರುವುದು ಯಾವ ಅನಿಲ ಅನ್ನುವುದು ಗೊತ್ತಾಗುವುದಿಲ್ಲ. ನೇತ್ರಾಣಿಯಲ್ಲಿ ಹೊಸಬರು ಹೆಚ್ಚಾಗಿ ಇರುವುದು 18 ಮೀಟರಿಗಿಂತ ಮೇಲೆಯೇ. 12 ಮೀಟರಿನಲ್ಲಿ ಮಾಮೂಲಿ ಗಾಳಿಗೇ ಟೇಬಲ್ 147 ನಿಮಿಷ ಕೊಡುತ್ತದೆ. ಅಷ್ಟು ಹೊತ್ತು ಆ ಟ್ಯಾಂಕಿನಲ್ಲಿ ಯಾರೂ ಇರಲಾರರು.

ಇನ್ನು ಆಳದ ಮಾತು. ಇದನ್ನು ದಯವಿಟ್ಟು ನಿಮ್ಮ ಗೆಳೆಯನಿಗೂ ಓದಿ ಹೇಳಿ. ನೈಟ್ರಾಕ್ಸ್ ಹಿಡಿದು ಹೋಗಬಹುದಾದ ಆಳ ಮಾಮೂಲಿ ಗಾಳಿಗಿಂತ ಕಡಿಮೆ. ಆಮ್ಲಜನಕವೂ ಒತ್ತಡ ಹೆಚ್ಚಾದರೆ ವಿಷ. ಅದರ ಪಾಲಿನ ಒತ್ತಡ 1.4 ಬಾರ್ ದಾಟಬಾರದು ಅನ್ನುವುದು ಮನರಂಜನೆಯ ಡೈವಿಂಗಿನ ನಿಯಮ. 1.6 ಕೊನೆಯ ಗೆರೆ. 32ರ ಮಿಶ್ರಣದಲ್ಲಿ 1.4 ಬರುವುದು 33 ಮೀಟರಿನ ಹತ್ತಿರ, 36ರಲ್ಲಿ 28ರ ಹತ್ತಿರ. ದಾಟಿದರೆ ಏನಾಗುತ್ತದೆ? ಮೈ ಸೆಳೆತ ಬರುತ್ತದೆ, ಫಿಟ್ಸ್ ಬಂದ ಹಾಗೆಯೇ. ಅನೇಕ ಸಲ ಯಾವ ಮುನ್ಸೂಚನೆಯೂ ಇರುವುದಿಲ್ಲ. ನೆಲದ ಮೇಲೆ ಫಿಟ್ಸ್ ಬಂದರೆ ಮನುಷ್ಯ ಉಳಿಯುತ್ತಾನೆ. ನೀರಿನೊಳಗೆ ಬಾಯಿಂದ ರೆಗ್ಯುಲೇಟರ್ (ಟ್ಯಾಂಕಿನ ಗಾಳಿ ಉಸಿರಾಡುವ ಸಾಧನ) ಜಾರಿದರೆ ಮುಳುಗುತ್ತಾನೆ. ಅದಕ್ಕೇ ಕೋರ್ಸ್ ಮಾಡದವರ ಕೈಗೆ ನೈಟ್ರಾಕ್ಸ್ ಟ್ಯಾಂಕ್ ಕೊಡಬಾರದು ಅನ್ನುವ ನಿಯಮ ಇರುವುದು. ಅದನ್ನು ದುಡ್ಡು ಮಾಡುವ ದಾರಿ ಅಂತ ತಿಳಿಯಬೇಡಿ.

ಹಾಗಾದರೆ ನೈಟ್ರಾಕ್ಸ್ ಯಾರಿಗೆ? ದಿನಕ್ಕೆ ಮೂರು ನಾಲ್ಕು ಡೈವ್, ಹೀಗೆ ದಿನಗಟ್ಟಲೆ, 18ರಿಂದ 30 ಮೀಟರ್ ನಡುವೆ ಇಳಿಯುವವರಿಗೆ. ಮಾಲ್ಡೀವ್ಸಿನಲ್ಲಿ ದೋಣಿಯಲ್ಲೇ ಉಳಿದು ಡೈವ್ ಮಾಡುವ ಟ್ರಿಪ್ ಇರುತ್ತದಲ್ಲ, ಅದಕ್ಕೆ ಹೇಳಿ ಮಾಡಿಸಿದ್ದು. ಅಲ್ಲಿ ಕಾನೂನಿನ ಮಿತಿಯೇ 30 ಮೀಟರ್, 32ರ ಮಿಶ್ರಣ ಅದರೊಳಗೆ ಸರಿಯಾಗಿ ಕೂರುತ್ತದೆ. 30 ಮೀಟರಿನಲ್ಲಿ ಮಾಮೂಲಿ ಗಾಳಿಗೆ ಸಿಗುವುದು ಬರೀ 20 ನಿಮಿಷ, 32ಕ್ಕೆ 30. ಅಷ್ಟು ಆಳದಲ್ಲಿ ಹತ್ತು ನಿಮಿಷ ದೊಡ್ಡದು. ಎರಡನೇ, ಮೂರನೇ ಡೈವಿಗೆ ಮೈಯಲ್ಲಿ ಹಳೆಯ ಸಾರಜನಕ ಉಳಿದಿರುತ್ತದೆ, ಆಗ ವ್ಯತ್ಯಾಸ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ನಾನೇ ಅಂಡಮಾನಿನಲ್ಲಿ ದಿನವಿಡೀ ಕೆಲಸ ಇರುವಾಗ ನೈಟ್ರಾಕ್ಸ್ ಬಿಟ್ಟು ಬೇರೆ ಮುಟ್ಟುವುದಿಲ್ಲ.

ಇದು ನಿನ್ನೆ ಮೊನ್ನೆಯ ಫ್ಯಾಶನ್ ಕೂಡ ಅಲ್ಲ. ಅಮೆರಿಕದ ಸಾಗರ ಸಂಸ್ಥೆ ನೋವಾ 1970ರ ದಶಕದಲ್ಲೇ ತನ್ನ ವಿಜ್ಞಾನಿಗಳಿಗೆ 32ರ ಮಿಶ್ರಣ ಕೊಡುತ್ತಿತ್ತು. ಅಲ್ಲಿಂದ ನಿವೃತ್ತರಾದ ಡಿಕ್ ರುಟ್ಕೌಸ್ಕಿ 1985ರಲ್ಲಿ ಸಾಮಾನ್ಯ ಡೈವರ್‌ಗಳಿಗೂ ಕಲಿಸಲು ಶುರು ಮಾಡಿದರು. ಆಗ ಡೈವಿಂಗ್ ಲೋಕದ ದೊಡ್ಡವರೇ ಇದನ್ನು ಸೈತಾನನ ಗಾಳಿ ಅಂತ ಬೈದರು. ಇವತ್ತು ಎಲ್ಲ ಸಂಸ್ಥೆಗಳೂ ಕಲಿಸುತ್ತವೆ.

ನಿಮ್ಮ ದುಡ್ಡನ್ನು ಇನ್ನೊಂದೆರಡು ಡೈವಿಗೆ ಹಾಕಿ. ನಿಧಾನವಾಗಿ ಉಸಿರಾಡುವುದು, ನೀರಿನಲ್ಲಿ ಏರದೆ ಇಳಿಯದೆ ನಿಲ್ಲುವುದು ಬಂದರೆ ಅದೇ ಟ್ಯಾಂಕ್ 45 ನಿಮಿಷ ಬರುತ್ತದೆ. ಅದು ಬಂದ ಮೇಲೆ ನೈಟ್ರಾಕ್ಸ್ ಕೋರ್ಸ್ ಖಂಡಿತ ಮಾಡಿ.

ಪ್ರಶ್ನೆ: ನೈಟ್ರಾಕ್ಸ್ ಉಸಿರಾಡಿದರೆ ಅದೇ ದಿನ ಊರಿಗೆ ವಾಪಸ್ ಬರಬಹುದಾ? ಶನಿವಾರ ಎರಡು, ಭಾನುವಾರ ಬೆಳಿಗ್ಗೆ ಎರಡು ಡೈವ್. ಮಧ್ಯಾಹ್ನ ಮುರುಡೇಶ್ವರ ಬಿಟ್ಟು ರಾತ್ರಿ ಮನೆ ಸೇರುವ ಯೋಚನೆ. ವಿಮಾನ ಹತ್ತುವುದಿಲ್ಲ, ಕಾರಿನಲ್ಲೇ.
— ಓದುಗರು, ವಿರಾಜಪೇಟೆ

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಧನ್ಯವಾದ. ಕೊಡಗಿನವರಿಗೆ ಗಾಳಿಯೋ ನೈಟ್ರಾಕ್ಸೋ ಅನ್ನುವುದಕ್ಕಿಂತ ಇದು ಮುಖ್ಯ. ಕರಾವಳಿಯ ಡೈವ್ ಸೆಂಟರಿನವರು "ನಾಳೆ ಫ್ಲೈಟ್ ಇದೆಯಾ?" ಅಂತ ಕೇಳುತ್ತಾರೆ. "ನಿಮ್ಮ ಮನೆ ಎಷ್ಟು ಎತ್ತರದಲ್ಲಿದೆ?" ಅಂತ ಕೇಳುವವರು ಕಮ್ಮಿ.

ಡೈವ್ ಮುಗಿದ ಮೇಲೂ ಮೈಯಲ್ಲಿ ಸಾರಜನಕ ಉಳಿದಿರುತ್ತದೆ. ಸಮುದ್ರ ಮಟ್ಟದಲ್ಲೇ ಇದ್ದರೆ ಅದು ಉಸಿರಿನ ಮೂಲಕ ಮೆಲ್ಲಗೆ ಹೊರಗೆ ಹೋಗುತ್ತದೆ. ಅಷ್ಟರೊಳಗೆ ಒತ್ತಡ ಕಮ್ಮಿ ಇರುವ ಎತ್ತರಕ್ಕೆ ಹೋದರೆ ಗುಳ್ಳೆ ಏಳುವ ಸಂಭವ ಹೆಚ್ಚು. ವಿಮಾನವೇ ಆಗಬೇಕಿಲ್ಲ. ಮಂಗಳೂರಿನಲ್ಲಿ ಕೊಂಡ ಚಿಪ್ಸ್ ಪ್ಯಾಕೆಟ್ ಮಡಿಕೇರಿ ಮುಟ್ಟುವ ಹೊತ್ತಿಗೆ ಉಬ್ಬಿ ಬಿಗಿಯಾಗಿರುತ್ತದೆ, ನೋಡಿರುತ್ತೀರಿ ಅಲ್ವಾ? ಹೊರಗಿನ ಒತ್ತಡ ಅಷ್ಟು ಇಳಿದಿರುತ್ತದೆ.

ಡೈವರ್‌ಗಳ ಸುರಕ್ಷತೆಗೆ ಕೆಲಸ ಮಾಡುವ ಡ್ಯಾನ್ ಸಂಸ್ಥೆಯ ಸಲಹೆ ಹೀಗಿದೆ. ಒಂದೇ ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ ಕಾಯಬೇಕು. ಒಂದಕ್ಕಿಂತ ಹೆಚ್ಚು ಡೈವ್, ಅಥವಾ ಹಲವು ದಿನದ ಡೈವ್ ಆಗಿದ್ದರೆ ಕನಿಷ್ಠ 18 ಗಂಟೆ. ಇದು 2,000 ಅಡಿಯಿಂದ 8,000 ಅಡಿವರೆಗಿನ ಎತ್ತರಕ್ಕೆ ಸಮನಾದ ಒತ್ತಡಕ್ಕೆ ಹೇಳಿದ್ದು. 2,000 ಅಡಿ ಅಂದರೆ ಸುಮಾರು 600 ಮೀಟರ್. ವಿರಾಜಪೇಟೆ ಸುಮಾರು 900 ಮೀಟರಿನಲ್ಲಿದೆ. ಮಡಿಕೇರಿ 1,100 ಮೀಟರಿಗೂ ಮೇಲೆ. ಒಟ್ಟಿನಲ್ಲಿ ನಮ್ಮ ಜಿಲ್ಲೆಯ ಪೇಟೆಗಳೆಲ್ಲ ಹೆಚ್ಚುಕಮ್ಮಿ ಈ ಸಲಹೆಯೊಳಗೇ ಬರುತ್ತವೆ.

ನಿಮ್ಮ ಲೆಕ್ಕ ಹಾಕೋಣ. ಭಾನುವಾರ ಕೊನೆಯ ಡೈವ್ ಮುಗಿಸಿ ನೀರಿನಿಂದ ಮೇಲೆ ಬರುವುದು 11 ಗಂಟೆಗೆ ಅಂತಿಟ್ಟುಕೊಳ್ಳಿ. ನೇತ್ರಾಣಿ ಸುಮಾರು 19 ಕಿ.ಮೀ. ಸಮುದ್ರದೊಳಗಿದೆ, ದೋಣಿಯಲ್ಲಿ ದಡ ಸೇರಿ ಊಟ ಮಾಡಿ ಹೊರಡುವಾಗ ಒಂದೂವರೆ. ಸಂಜೆ ಮಂಗಳೂರು, ಕತ್ತಲಾಗುವಾಗ ಸುಳ್ಯ, ರಾತ್ರಿ ಎಂಟೂವರೆಗೆ ಸಂಪಾಜೆ ಘಾಟಿ ಹತ್ತುತ್ತಿರುತ್ತೀರಿ. ಡೈವ್ ಮುಗಿದು ಒಂಬತ್ತೂವರೆ ಗಂಟೆ ಆಗಿರುತ್ತದೆ. ಬೇಕಾಗಿರುವುದು 18. ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ.

ನೈಟ್ರಾಕ್ಸ್ ಇದನ್ನು ಬದಲಾಯಿಸುತ್ತದಾ? ಮೈಗೆ ಸೇರುವ ಸಾರಜನಕ ಕಡಿಮೆ ಆಗುವುದು ನಿಜ. ಆದರೆ ನೈಟ್ರಾಕ್ಸ್ ಬಳಸಿದವರು ಇಷ್ಟು ಗಂಟೆ ಕಡಿಮೆ ಕಾಯಬಹುದು ಅಂತ ಆ ಸಲಹೆಯಲ್ಲಿ ರಿಯಾಯಿತಿ ಇಲ್ಲ. ನೈಟ್ರಾಕ್ಸ್ ಸಿಕ್ಕಿತು ಅಂತ ನೀವು ಇನ್ನೂ ಹೆಚ್ಚು ಹೊತ್ತು ಕೆಳಗಿದ್ದರೆ ಆ ಲಾಭವೂ ಅಲ್ಲಿಗೇ ಹೋಯಿತು. ನನ್ನ ವಿದ್ಯಾರ್ಥಿಗಳಿಗೆ ನಾನು 18 ಅಂದರೆ 18 ಅನ್ನುತ್ತೇನೆ, ಟ್ಯಾಂಕಿನಲ್ಲಿ ಯಾವುದೇ ಅನಿಲ ಇದ್ದಿರಲಿ.

ಇದಕ್ಕೆ ದಾರಿ ಸುಲಭ. ಸುಳ್ಯ, ಪುತ್ತೂರು ಎರಡೂ ತಗ್ಗಿನಲ್ಲಿವೆ. ಅಲ್ಲಿ ನೆಂಟರಿಲ್ಲದ ಕೊಡಗಿನವರು ಯಾರಿದ್ದಾರೆ? ರಾತ್ರಿ ಅಲ್ಲಿ ಉಳಿಯಿರಿ. ಸೋಮವಾರ ಬೆಳಿಗ್ಗೆ ಐದರ ಮೇಲೆ ಹೊರಟರೆ 18 ಗಂಟೆ ತುಂಬಿರುತ್ತದೆ, ಬೆಳಕಿನಲ್ಲಿ ಘಾಟಿ ಹತ್ತಿ ಹತ್ತು ಗಂಟೆಯೊಳಗೆ ಮನೆಯಲ್ಲಿರುತ್ತೀರಿ. ರಜೆ ಹೊಂದಿಸಲು ಆದರೆ ಇನ್ನೂ ಒಳ್ಳೆಯದು: ಶುಕ್ರವಾರ, ಶನಿವಾರ ಡೈವ್ ಮಾಡಿ, ಭಾನುವಾರ ನೀರಿಗೆ ಇಳಿಯದೆ ಮಧ್ಯಾಹ್ನ ಹೊರಡಿ. ಮಾಕುಟ್ಟ ದಾರಿಯಲ್ಲಿ ಬರುವವರಿಗೂ ಲೆಕ್ಕ ಇದೇ, ಕೊನೆಗೆ ಹತ್ತುವುದು ಅದೇ ಎತ್ತರಕ್ಕೆ. ಮನೆಯಿಂದ ಸಮುದ್ರಕ್ಕೆ ಇಳಿದು ಹೋಗಿ ಡೈವ್ ಮಾಡುವುದಕ್ಕೆ ಮಾತ್ರ ಯಾವ ಕಾಯುವಿಕೆಯೂ ಬೇಕಿಲ್ಲ.

ಕಾದಿದ್ದರೂ, ಕಾಯದಿದ್ದರೂ, ಡೈವ್ ಆದ ಒಂದು ದಿನದೊಳಗೆ ಭುಜ, ಮೊಣಕೈ, ಮೊಣಕಾಲಿನಲ್ಲಿ ಒಳಗಿನಿಂದ ಬರುವ ನೋವು, ಕೈಕಾಲು ಜೋಮು, ತಲೆಸುತ್ತು, ಮೈಮೇಲೆ ಕೆಂಪು ಗಂಧೆ, ಕಾರಣವಿಲ್ಲದ ವಿಪರೀತ ಸುಸ್ತು ಕಂಡರೆ ಸುಮ್ನೆ ಮಲಗಬೇಡಿ. ಎಣ್ಣೆ ಹಚ್ಚಿ ತಿಕ್ಕುತ್ತಾ ಕೂರಬೇಡಿ. ಆಸ್ಪತ್ರೆಗೆ ಹೋಗಿ, "ಸ್ಕೂಬಾ ಡೈವ್ ಮಾಡಿದ್ದೇನೆ, ಶುದ್ಧ ಆಮ್ಲಜನಕ ಕೊಡಿ" ಅಂತ ಮೊದಲ ಮಾತಿನಲ್ಲೇ ಹೇಳಿ. ಘಟ್ಟದ ಕೆಳಗೇ ಇದ್ದರೆ ಮೇಲೆ ಹತ್ತಬೇಡಿ. ಇದಕ್ಕೆ ಸರಿಯಾದ ಚಿಕಿತ್ಸೆ ಒತ್ತಡದ ಕೋಣೆಯಲ್ಲಿ ಆಗುತ್ತದೆ, ಬೇಗ ಸಿಕ್ಕಷ್ಟೂ ಒಳ್ಳೆಯದು.

ಪ್ರಶ್ನೆ: ಅಪ್ಪನಿಗೆ 60 ದಾಟಿದೆ. ಡೈವ್ ಮಾಡುವ ಆಸೆ. ನೈಟ್ರಾಕ್ಸ್ ತೆಗೆದುಕೊಂಡರೆ ಸುಸ್ತು ಆಗುವುದಿಲ್ಲ, ವಯಸ್ಸಾದವರಿಗೆ ಒಳ್ಳೆಯದು ಅಂತ ಕೇಳಿದ್ದೇನೆ.
— ಓದುಗರು, ಸೋಮವಾರಪೇಟೆ

ಉತ್ತರ: ಸುಸ್ತು ಕಮ್ಮಿ ಅಂತ ಬಹಳ ಡೈವರ್‌ಗಳು ಹೇಳುತ್ತಾರೆ. ಯಾವ ಅನಿಲ ಅಂತ ತಿಳಿಸದೆ ಮಾಡಿದ ಪರೀಕ್ಷೆಗಳಲ್ಲಿ ಅದು ಗಟ್ಟಿಯಾಗಿ ಸಾಬೀತಾಗಿಲ್ಲ. ಆ ನಂಬಿಕೆಯ ಮೇಲೆ ದುಡ್ಡು ಹಾಕಬೇಡಿ.

ಅಪ್ಪನ ವಿಷಯದಲ್ಲಿ ನನಗೆ ಚಿಂತೆ ಇರುವುದು ಹೃದಯದ ಬಗ್ಗೆ. ದೋಣಿ ಏರುವುದು, ಭಾರ ಹೊರುವುದು, ಅಲೆಯ ಎದುರು ಈಜುವುದು, ಇದೆಲ್ಲ ದೊಡ್ಡ ಶ್ರಮ. ವಯಸ್ಸಾದ ಡೈವರ್‌ಗಳಿಗೆ ನೀರಿನಲ್ಲಿ ಹೃದಯದ ತೊಂದರೆಯೇ ದೊಡ್ಡ ಅಪಾಯ, ಅದನ್ನು ಯಾವ ಮಿಶ್ರಣವೂ ತಪ್ಪಿಸುವುದಿಲ್ಲ. ಡೈವ್ ಸೆಂಟರಿನಲ್ಲಿ ಕೊಡುವ ಆರೋಗ್ಯದ ಫಾರಂ ಅನ್ನು ಮುಂಚೆಯೇ ತರಿಸಿಕೊಳ್ಳಿ. ಬಿಪಿ, ಸಕ್ಕರೆ, ಮಾತ್ರೆ ಯಾವುದನ್ನೂ ಮುಚ್ಚಿಡದೆ ತುಂಬಿ, ನಿಮ್ಮ ವೈದ್ಯರಿಗೆ ತೋರಿಸಿ ಸಹಿ ಹಾಕಿಸಿ. ಅವರು ಒಪ್ಪಿದರೆ ತರಬೇತುದಾರರ ಜೊತೆ 12 ಮೀಟರ್ ಮೀರದ ಮೊದಲ ಡೈವ್, ಮಾಮೂಲಿ ಗಾಳಿಯಲ್ಲಿ. ಮುಂದೆ ಅವರು ಪೂರ್ತಿ ಕಲಿತು ನಿಯಮಿತವಾಗಿ ಡೈವ್ ಮಾಡುವುದಾದರೆ ನೈಟ್ರಾಕ್ಸ್ ಉಪಯೋಗಕ್ಕೆ ಬರುವ ಒಂದು ಒಳ್ಳೆಯ ರೀತಿ ಇದೆ: ಟ್ಯಾಂಕಿನಲ್ಲಿ 32, ಆಳ ಮತ್ತು ಸಮಯದ ಲೆಕ್ಕ ಇಡುವ ಡೈವ್ ಕಂಪ್ಯೂಟರಿನಲ್ಲಿ ಮಾಮೂಲಿ ಗಾಳಿಯ ಸೆಟ್ಟಿಂಗ್. ಸಾರಜನಕದ ಲೆಕ್ಕದಲ್ಲಿ ಹೆಚ್ಚಿನ ಸುರಕ್ಷತೆ ಸಿಗುತ್ತದೆ. ಆದರೆ ಕಂಪ್ಯೂಟರ್ ಆಮ್ಲಜನಕದ ಆಳ ಮಿತಿಯ ಬಗ್ಗೆ ಎಚ್ಚರಿಸುವುದಿಲ್ಲ. 33 ಮೀಟರ್ ಅನ್ನುವುದನ್ನು ಅವರೇ ತಲೆಯಲ್ಲಿ ಇಟ್ಟುಕೊಳ್ಳಬೇಕು.

ಪ್ರಶ್ನೆ: ಗೆಳೆಯನ ವರ್ಕ್‌ಶಾಪಿನಲ್ಲಿ ಕಂಪ್ರೆಸರ್ ಇದೆ, ವೆಲ್ಡಿಂಗ್ ಆಕ್ಸಿಜನ್ ಸಿಲಿಂಡರೂ ಇದೆ. ನಾವೇ ನೈಟ್ರಾಕ್ಸ್ ತುಂಬಿಕೊಂಡು ತೋಟದ ಕೆರೆಯಲ್ಲಿ ಅಭ್ಯಾಸ ಮಾಡಬಹುದಾ?
— ಓದುಗರು, ಕುಶಾಲನಗರ

ಉತ್ತರ: ಬೇಡ. ಕೈ ಮುಗಿದು ಹೇಳುತ್ತೇನೆ, ಬೇಡ.

ಟೈರಿಗೆ ಗಾಳಿ ಹಾಕುವ ಕಂಪ್ರೆಸರಿನಿಂದ ಎಣ್ಣೆಯ ಆವಿ ಬರುತ್ತದೆ. ಪಕ್ಕದಲ್ಲಿ ಗಾಡಿ ಸ್ಟಾರ್ಟ್ ಆಗಿದ್ದರೆ ಹೊಗೆಯ ಕಾರ್ಬನ್ ಮಾನಾಕ್ಸೈಡನ್ನೂ ಅದು ಎಳೆದುಕೊಳ್ಳುತ್ತದೆ. ಮೇಲೆ ಬರೀ ತಲೆನೋವು ತರುವಷ್ಟು ವಿಷ ಆಳದ ಒತ್ತಡದಲ್ಲಿ ಪ್ರಾಣ ತೆಗೆಯಬಹುದು. ಆಮ್ಲಜನಕದ ವಿಷಯ ಇನ್ನೂ ಕಠಿಣ. ಹೆಚ್ಚು ಒತ್ತಡದ ಶುದ್ಧ ಆಮ್ಲಜನಕಕ್ಕೆ ಚೂರು ಗ್ರೀಸ್, ಎಣ್ಣೆ ಸಿಕ್ಕರೂ ಸಾಕು, ಕಡ್ಡಿ ಗೀರದೆಯೇ ಹೊತ್ತಿಕೊಳ್ಳುತ್ತದೆ. ವಾಲ್ವ್ ಫಟ್ಟನೆ ತಿರುಗಿಸಿದರೆ ಅನಿಲ ಒತ್ತಿಕೊಂಡು ಹುಟ್ಟುವ ಬಿಸಿಯೇ ಕಿಡಿಯ ಕೆಲಸ ಮಾಡುತ್ತದೆ. ಅದಕ್ಕೆ ಅಂತಲೇ ತೊಳೆದು ಸಿದ್ಧಪಡಿಸಿದ ಟ್ಯಾಂಕ್, ತರಬೇತಿ ಪಡೆದ ಕೈ, ಎಣ್ಣೆ ಇಲ್ಲದ ಗಾಳಿ ಮೂರೂ ಬೇಕು. ಮಿಶ್ರಣದ ಅಂದಾಜು ತಪ್ಪಿದರೆ ಇನ್ನೊಂದು ಅಪಾಯ: ಶುದ್ಧ ಆಮ್ಲಜನಕ 6 ಮೀಟರಿನಲ್ಲೇ 1.6ರ ಗೆರೆ ಮುಟ್ಟುತ್ತದೆ.

ಕೆರೆಯೂ ಬೇಡ. ಕೆಸರು ಕದಡಿದರೆ ನಿಮ್ಮ ಕೈ ನಿಮಗೇ ಕಾಣುವುದಿಲ್ಲ. ಪಂಪಿನ ಪೈಪು, ಬಳ್ಳಿ, ಮುಳುಗಿದ ಮರದ ಕೊಂಬೆ ಇರುತ್ತವೆ. ಜೊತೆಗೆ 300 ಮೀಟರಿಗಿಂತ ಎತ್ತರದ ನೀರಿಗೆ ಡೈವಿಂಗ್ ಟೇಬಲ್ಲಿನ ಲೆಕ್ಕವೇ ಬೇರೆ, ಕುಶಾಲನಗರ ಅದಕ್ಕಿಂತ ಬಹಳ ಮೇಲಿದೆ. ಈಜು ಅಭ್ಯಾಸ ಮಾಡಬೇಕಾದರೆ ಒಳ್ಳೆಯ ಈಜುಕೊಳಕ್ಕೆ ಹೋಗಿ.

ಪ್ರಶ್ನೆ: ನೈಟ್ರಾಕ್ಸ್ ಕೋರ್ಸ್ ಮುಗಿಸಿದ್ದೇನೆ. ಟ್ಯಾಂಕಿನ ಚೀಟಿಯಲ್ಲಿ 32 ಅಂತ ಬರೆದಿದೆ, ಆಮ್ಲಜನಕ ಅಳೆಯುವ ಅನಲೈಜರ್ 34 ತೋರಿಸಿದರೆ ಯಾವುದನ್ನು ನಂಬಬೇಕು?
— ವಿದ್ಯಾರ್ಥಿನಿ, ಮಡಿಕೇರಿ

ಉತ್ತರ: ಚೀಟಿಯನ್ನು ಪಕ್ಕಕ್ಕಿಡಿ. ಅದನ್ನು ಬರೆದವರು ನೀರಿಗೆ ಇಳಿಯುವುದಿಲ್ಲ, ನೀವು ಇಳಿಯುತ್ತೀರಿ. ಅನಲೈಜರನ್ನು ಮೊದಲು ಹೊರಗಿನ ಗಾಳಿಗೆ ಹಿಡಿದು 20.9ಕ್ಕೆ ಹೊಂದಿಸಿ. ಟ್ಯಾಂಕಿನ ವಾಲ್ವ್ ಚೂರೇ ತೆರೆದು ಅನಿಲ ಮೆಲ್ಲಗೆ ಹರಿಯಲು ಬಿಡಿ, ಅಂಕಿ ಅಲುಗಾಡದೆ ನಿಲ್ಲುವವರೆಗೆ ಕಾಯಿರಿ. ಆಮೇಲೆ ಇನ್ನೊಮ್ಮೆ ಮೊದಲಿನಿಂದ ಅಳೆಯಿರಿ. ಹರಿವು ಜೋರಾಗಿದ್ದರೆ, ಸೆನ್ಸರ್ ಹಳೆಯದಾಗಿದ್ದರೆ ಅಂಕಿ ತಪ್ಪುತ್ತದೆ. ಎರಡು ಸಲಕ್ಕೆ ಎರಡು ಬೇರೆ ಬೇರೆ ಉತ್ತರ ಬಂದರೆ ಬೇರೆ ಅನಲೈಜರ್ ಕೇಳಿ. ಕೊಡದಿದ್ದರೆ ಆ ಟ್ಯಾಂಕ್ ಬೇಡ ಅನ್ನಿ, ಮಾಮೂಲಿ ಗಾಳಿಯ ಟ್ಯಾಂಕ್ ತೆಗೆದುಕೊಳ್ಳಿ.

ಎರಡು ಸಲವೂ 34 ಬಂತಾ? ಹಾಗಾದರೆ ಅದು 34ರ ಟ್ಯಾಂಕ್, ಮಿತಿ 31 ಮೀಟರ್. ಹಳೆಯ ಚೀಟಿ ಕಿತ್ತು ಹೊಸದರಲ್ಲಿ 34, 31 ಮೀಟರ್, ಇವತ್ತಿನ ತಾರೀಖು, ನಿಮ್ಮ ಹೆಸರು ಬರೆದು ಅಂಟಿಸಿ. ಕಂಪ್ಯೂಟರಿಗೆ 34 ಹಾಕಿ, ಜೊತೆಗಾರನಿಗೆ ತೋರಿಸಿ. ಮುಂದಿನ ಡೈವಿಗೆ ಮಾಮೂಲಿ ಗಾಳಿಯ ಟ್ಯಾಂಕ್ ಸಿಕ್ಕರೆ ಕಂಪ್ಯೂಟರನ್ನು ಮರೆಯದೆ 21ಕ್ಕೆ ತನ್ನಿ. ಅದು 34ರಲ್ಲೇ ಉಳಿದರೆ ನಿಮಗೆ ಇಲ್ಲದ ಸಮಯವನ್ನು ಇದೆ ಅಂತ ತೋರಿಸುತ್ತಾ ಹೋಗುತ್ತದೆ.